ಕಲ್ಯಾಣದ ಬಿರುದುಗಳೂ ಕಲ್ಯಾಣದ ಹೊಣೆಯೂ

ಕರ್ನಾಟಕದ ಈಶಾನ್ಯ ಭಾಗಕ್ಕೆ ಸರಕಾರವು 2019ನೆಯ ಇಸವಿಯ ಸಪ್ಟೆಂಬರ ತಿಂಗಳಲ್ಲಿ ಹೊಸ ಹೆಸರೊಂದನ್ನು ದಯಪಾಲಿಸಿತು. ಅದುವರೆಗೆ ಹೈದರಾಬಾದ ಕರ್ನಾಟಕವೆಂದು ಕರೆಯಲ್ಪಡುತ್ತಿದ್ದ ಪ್ರದೇಶವು ಅಂದಿನಿಂದ ಕಲ್ಯಾಣ ಕರ್ನಾಟಕವಾಯಿತು. ಅಳಿದುಹೋದ ಸಂಸ್ಥಾನದ ಹೆಸರನ್ನು ಅರುವತ್ತು ವರುಷಗಳಿಗೂ ಮಿಕ್ಕಿ ಹೊತ್ತು ತಿರುಗಿದ ಜನರಿಗೆ ಈ ಮಾರ್ಪಾಟಿನಿಂದ ಸಂತೋಷವಾದುದು ಸಹಜವೇ. ಆ ಸಂತೋಷದಲ್ಲಿ ನಾವೂ ಪಾಲುಗಾರರು. ಆದರೆ ಹೆಸರೆಂಬದು ಒಂದು ಬಗೆಯ ಬಿರುದು. ಬಿರುದನ್ನು ಕೊಟ್ಟವನಿಗೂ ಹೊಣೆಯುಂಟು, ಪಡೆದವನಿಗೂ ಹೊಣೆಯುಂಟು. ಯಾವ ಊರಿನ ಹೆಸರನ್ನು ಏಳು ಜಿಲ್ಲೆಗಳು ಇಂದು ಧರಿಸಿರುವವೋ ಆ ಬಸವಕಲ್ಯಾಣವು ಬಿರುದುಗಳ ವಿಷಯದಲ್ಲಿ ಹೇಳಬೇಕಾದುದನ್ನು ಬೇರೆ ಊರು ಹೇಳಲಾರದು. ಸಾವಿರ ವರುಷಗಳಿಂದ ಅಲ್ಲಿ ಬಿರುದುಗಳು ಹುಟ್ಟಿವೆ, ಮೆರೆದಿವೆ, ಮಣ್ಣುಗೂಡಿವೆ. ಆ ಚರಿತ್ರೆಯನ್ನು ಒಂದಿಷ್ಟು ವಿಮರ್ಶಿಸಿ, ಹೊಸ ಬಿರುದಿನ ಬೆಲೆಯನ್ನು ಕಟ್ಟುವದು ಇಂದಿನ ಈ ಲೇಖನದ ಉದ್ದೇಶವು.

ಚಾಲುಕ್ಯ ತೈಲಪನು ಕ್ರಿ. ಶ. 973ರಲ್ಲಿ ರಾಷ್ಟ್ರಕೂಟರನ್ನು ಕೆಳಗಿಳಿಸಿ ರಾಜ್ಯವನ್ನು ಕಟ್ಟಿದನು. ಅವನ ವಂಶದ ಒಂದನೆಯ ಸೋಮೇಶ್ವರನು (1042-1068) ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿದನು. ಈ ಅರಸರ ಶಾಸನಗಳನ್ನು ಓದಿದವರಿಗೆ ಅವರ ಬಿರುದಾವಳಿಯು ಕಂಠಪಾಠವಾಗಿರುವದು: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ, ಸತ್ಯಾಶ್ರಯಕುಲತಿಲಕ, ಚಾಲುಕ್ಯಾಭರಣ. ಇದು ಬರಿಯ ಹೊಗಳುಭಟರ ಮಾತೆಂದು ತಳ್ಳಿಹಾಕುವದು ತಪ್ಪು. ಒಂದೊಂದು ಶಬ್ದದಲ್ಲಿಯೂ ಒಂದೊಂದು ಹಕ್ಕಿನ ವಾದವಿದೆ. ಸತ್ಯಾಶ್ರಯನೆಂಬದು ಬಾದಾಮಿಯ ಇಮ್ಮಡಿ ಪುಲಕೇಶಿಯ ಹೆಸರು. ಬಾದಾಮಿಯ ರಾಜ್ಯವು ಅಳಿದು ಇನ್ನೂರು ವರುಷಗಳಾದ ಮೇಲೆ ಬಂದವರು ತಮ್ಮನ್ನು ಸತ್ಯಾಶ್ರಯಕುಲತಿಲಕರೆಂದು ಕರೆದುಕೊಂಡರೆ, ನಡುವೆ ಆಳಿದ ರಾಷ್ಟ್ರಕೂಟರದು ಬರಿಯ ಅಂತರಾಯ, ನಿಜವಾದ ವಾರಸುದಾರರು ನಾವೆಂದು ಸಾರಿದಂತಾಯಿತು.

ಸಾಮಂತರ ಬಿರುದುಗಳಿಗೂ ಹೀಗೆಯೇ ಕಟ್ಟುನಿಟ್ಟಾದ ಕ್ರಮವಿತ್ತು. ಸಮಧಿಗತಪಂಚಮಹಾಶಬ್ದ ಮಹಾಮಂಡಳೇಶ್ವರನೆಂದರೆ ದೊಡ್ಡ ಸಾಮಂತನು. ಆದರೆ ಅವನ ಹೆಸರಿನ ಮೊದಲು ತತ್ಪಾದಪದ್ಮೋಪಜೀವಿ, ಅರ್ಥಾತ್ ಚಕ್ರವರ್ತಿಯ ಅಡಿದಾವರೆಗಳನ್ನು ಆಶ್ರಯಿಸಿದವನು, ಎಂಬ ವಿಶೇಷಣವು ತಪ್ಪದೆ ಬರುವದು. ಇದಲ್ಲದೆ ಒಬ್ಬೊಬ್ಬ ಸಾಮಂತನು ಒಂದೊಂದು ಪುರದ ಅಧೀಶ್ವರನು. ಸವದತ್ತಿಯ ರಟ್ಟರು ಲತ್ತಲೂರ ಪುರವರಾಧೀಶ್ವರರು. ಹೊಯ್ಸಳರು ದ್ವಾರಾವತೀ ಪುರವರಾಧೀಶ್ವರರು. ಕಳಚುರ್ಯರು ಕಾಲಂಜರ ಪುರವರಾಧೀಶ್ವರರು. ಇವರಲ್ಲಿ ಕಳಚುರ್ಯರು ಬುಂದೇಲಖಂಡದ ಕಾಲಂಜರವನ್ನು ಎಂದೂ ಆಳಿದವರಲ್ಲ. ಪೂರ್ವಿಕರು ಅಲ್ಲಿಯವರೆಂಬ ಅಭಿಮಾನವೇ ಆ ಬಿರುದಿನ ತಿರುಳು. ಕಲ್ಯಾಣದ ಆಸ್ಥಾನದಲ್ಲಿ ಬಿರುದು ರಾಜ್ಯಾಡಳಿತದ ವ್ಯಾಕರಣವಾಗಿತ್ತು. ಯಾರು ಯಾರಿಗೆ ತಲೆಬಾಗತಕ್ಕವರು, ಯಾರ ಮುಂದೆ ಯಾವ ವಾದ್ಯಗಳು ಮೊಳಗತಕ್ಕವು ಎಂಬದು ಅದರಿಂದಲೇ ತಿಳಿಯುತ್ತಿತ್ತು.

ಆದರೆ ಬಿರುದು ಊರನ್ನು ಕಾಯಬಲ್ಲದೇ? ಸೋಮೇಶ್ವರನಿಗೆ ತ್ರೈಲೋಕ್ಯಮಲ್ಲನೆಂದೂ ಆಹವಮಲ್ಲನೆಂದೂ ಬಿರುದುಗಳಿದ್ದವು. ಮೂರು ಲೋಕಗಳಿಗೂ ಜಟ್ಟಿಯಾದ ಈತನ ಕಾಲದಲ್ಲಿಯೇ ಚೋಳ ರಾಜಾಧಿರಾಜನು ಕಲ್ಯಾಣವನ್ನು ಸುಟ್ಟು, ಅಲ್ಲಿಯ ದ್ವಾರಪಾಲಕ ಮೂರ್ತಿಯನ್ನು ತಮಿಳುನಾಡಿಗೆ ಸಾಗಿಸಿದನು. ಕಲ್ಯಾಣಪುರವನ್ನು ದಹಿಸಿ ತಂದುದೆಂದು ಆ ಮೂರ್ತಿಯ ಪೀಠದ ಮೇಲೆ ತಮಿಳಿನಲ್ಲಿ ಕೆತ್ತಲಾಗಿದೆ. ಗೆದ್ದವನು ವಿಜಯರಾಜೇಂದ್ರನೆಂಬ ಬಿರುದನ್ನು ಧರಿಸಿದನು. ಅವನೂ 1054ರ ಕೊಪ್ಪಂ ಕಾಳಗದಲ್ಲಿ ಚಾಲುಕ್ಯರೆದುರು ಮಡಿದನು. ಸೋಮೇಶ್ವರನು 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ದೇಹವನ್ನು ವಿಸರ್ಜಿಸಿದನು. ಸೋತವನ ಬಿರುದೂ ಗೆದ್ದವನ ಬಿರುದೂ ಶಿಲೆಯ ಮೇಲಿನ ಅಕ್ಷರಗಳಾಗಿ ಉಳಿದವು.

ಸೋಮೇಶ್ವರನ ಮಗ ಆರನೆಯ ವಿಕ್ರಮಾದಿತ್ಯನು (1076-1126) ತ್ರಿಭುವನಮಲ್ಲನು. ಶಕವರ್ಷವನ್ನು ಬದಿಗಿರಿಸಿ ತನ್ನ ಪಟ್ಟಾಭಿಷೇಕದಿಂದ ಚಾಲುಕ್ಯ ವಿಕ್ರಮವರ್ಷವನ್ನೇ ಆರಂಭಿಸಿದ ಅರಸನಾತನು. ಹುಮನಾಬಾದಿನ ಸಮೀಪದ ಜಲಸಂಗಿಯ ದೇವಾಲಯದ ಗೋಡೆಯ ಮೇಲೆ ಶಾಸನವನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯೊಬ್ಬಳಿದ್ದಾಳೆ; ಆಕೆಯ ಬರೆಹವು ಈ ವಿಕ್ರಮಾದಿತ್ಯನ ಕೀರ್ತಿಯನ್ನೇ ಕುರಿತದ್ದು. ಆದರೆ ವಿಕ್ರಮವರ್ಷವನ್ನು ಇಂದು ಯಾವ ಪಂಚಾಂಗವೂ ಎಣಿಸುವದಿಲ್ಲ. ಅವನ ಆಳಿಕೆಯ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರಾ ವ್ಯಾಖ್ಯಾನವಾದರೋ ಬಂಗಾಲದ ಹೊರತು ಭರತಖಂಡದ ಬಹುಭಾಗದಲ್ಲಿ ಹಿಂದೂ ಜನರ ದಾಯಭಾಗದ ನಿಯಮವಾಗಿ 20ನೆಯ ಶತಮಾನದ ವರೆಗೂ ನ್ಯಾಯಾಸ್ಥಾನಗಳಲ್ಲಿ ನಡೆದುಬಂದಿತು. ತ್ರಿಭುವನಗಳನ್ನು ಗೆದ್ದುದು ಅರಸನ ಬಿರುದಲ್ಲ, ಪಂಡಿತನ ಲೆಕ್ಕಣಿಕೆ ಎಂಬದನ್ನು ವಾಚಕರು ಮನಗಾಣಬೇಕು.

ಚಾಲುಕ್ಯರ ಕಡೆಗಾಲದಲ್ಲಿ ಬಿರುದಿನ ಇನ್ನೊಂದು ಗುಣವು ಹೊರಬಿದ್ದಿತು. ಕಳಚುರ್ಯ ಬಿಜ್ಜಳನು ಮೂರನೆಯ ತೈಲಪನ ಮಹಾಮಂಡಳೇಶ್ವರನು. ಒಡೆಯನ ಬಲವು ಕುಗ್ಗಿದಂತೆಲ್ಲ ಅವನ ಬಿರುದುಗಳು ಹಿಗ್ಗುತ್ತ ನಡೆದು, 1162ರ ಹೊತ್ತಿಗೆ ಅವನು ತಾನೇ ಚಕ್ರವರ್ತಿಯಾದನು. ಶಾಸನದಲ್ಲಿ ಅಡಿದಾವರೆಯ ಮಾತು ಬಿಟ್ಟುಹೋದ ದಿವಸವೇ ರಾಜ್ಯವು ಕೈಬದಲಾಯಿತೆಂದು ತಿಳಿಯತಕ್ಕದ್ದು.

ಈ ಬಿಜ್ಜಳನ ಭಂಡಾರಿಯೇ ಬಸವಣ್ಣನವರು. ಭಂಡಾರಿ ಎಂಬದು ರಾಜನು ಕೊಟ್ಟ ಪದವಿ. ಬೊಕ್ಕಸದ ಕೀಲಿಕೈಯನ್ನು ಕೈಗೊಪ್ಪಿಸುವ ನಂಬುಗೆಯ ಪದವಿ. ಇದೇ ಭಂಡಾರ ಶಬ್ದವು ಕಡಲನ್ನು ದಾಟಿ ಮಲಯ ದೇಶದ ಸುಲ್ತಾನರ ಆಸ್ಥಾನದಲ್ಲಿ ಬೆಂದಹಾರ ಎಂದಾಗಿ, ಅಲ್ಲಿಯ ಪ್ರಧಾನಮಂತ್ರಿಯ ಬಿರುದಾಯಿತು. ಜೋಹೋರ ರಾಜ್ಯದಲ್ಲಿ 1699ರಲ್ಲಿ ಸುಲ್ತಾನ ಮಹಮೂದನು ಹತನಾಗಲು, ಬೆಂದಹಾರನಾದ ಅಬ್ದುಲ್ ಜಲೀಲನು ತಾನೇ ಸುಲ್ತಾನನಾದನು. ಸೇವಕನ ಬಿರುದಿನಿಂದ ಒಡೆಯನ ಬಿರುದಿಗೆ ಏರುವದು ಲೋಕದ ಎಲ್ಲ ಆಸ್ಥಾನಗಳಲ್ಲಿಯೂ ನಡೆದ ಸಂಗತಿ. ಬಿಜ್ಜಳನು ಮಾಡಿದ್ದೂ ಅದನ್ನೇ. ಬಸವಣ್ಣನವರು ಮಾತ್ರ ಭಂಡಾರಿಯ ಪದವಿಯಿಂದ ಮೇಲಕ್ಕೇರದೆ ಕೆಳಕ್ಕಿಳಿದರು. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಬೀಗತನವಾದುದನ್ನು ಎತ್ತಿಹಿಡಿದರು, ಪದವಿಯನ್ನು ತೊರೆದರು, ಕಲ್ಯಾಣವನ್ನೂ ತೊರೆದರು. ಅರಸು ಕೊಟ್ಟ ಭಂಡಾರಿ ಎಂಬ ಹೆಸರಿಗೆ ಜನರು ಭಕ್ತಿ ಎಂಬ ಶಬ್ದವನ್ನು ಸೇರಿಸಿ ಭಕ್ತಿಭಂಡಾರಿ ಎಂದರು. ಎಲ್ಲಕ್ಕೂ ಮಿಗಿಲಾಗಿ ಅಣ್ಣ ಎಂದರು. ಪರಮಭಟ್ಟಾರಕನ ಎಲ್ಲ ಬಿರುದುಗಳಿಗಿಂತ ಈ ಎರಡಕ್ಷರದ ಬಿರುದು ಹೆಚ್ಚು ಬಾಳಿತೆಂಬದಕ್ಕೆ ಊರಿನ ಇಂದಿನ ಹೆಸರೇ ಸಾಕ್ಷಿ. ಬಹುಕಾಲ ಬರಿಯ ಕಲ್ಯಾಣಿಯೆಂದು ಕರೆಸಿಕೊಂಡ ಈ ಊರು ಏಕೀಕರಣದ ತರುವಾಯ ತ್ರೈಲೋಕ್ಯಮಲ್ಲಕಲ್ಯಾಣವಾಗಲಿಲ್ಲ, ಬಸವಕಲ್ಯಾಣವಾಯಿತು.

ಜನರು ಕೊಡುವ ಬಿರುದು ಒಂದೇ ಮತದ ಸ್ವತ್ತೆಂದು ಯಾರೂ ಭಾವಿಸಬಾರದು. ಬಹಮನಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದ ಅಹಮದ ಶಹನಿಗೆ (ಮರಣ 1436) ವಲಿ ಎಂಬ ಉಪನಾಮವು ಬಂದುದು ಕ್ಷಾಮಕಾಲದಲ್ಲಿ ಆತನ ಪ್ರಾರ್ಥನೆಗೆ ಮಳೆ ಸುರಿಯಿತೆಂಬ ಜನರ ನಂಬುಗೆಯಿಂದ. ಬೀದರದ ಹತ್ತಿರ ಅಷ್ಟೂರಿನಲ್ಲಿರುವ ಅವನ ಗೋರಿಯ ಉರುಸಿಗೆ ಹಿಂದೂ ಜನರೂ ನೆರೆಯುವರು. ಆತನನ್ನು ಅಲ್ಲಮಪ್ರಭುವೆಂದು ಭಾವಿಸಿ ನಡೆದುಕೊಳ್ಳುವ ಜಂಗಮರೂ ಉಂಟು. ಅದೇ ವಂಶದ ಕೊನೆಯ ಸುಲ್ತಾನರಾದರೋ ಬಿರುದುಗಳನ್ನು ಮಾತ್ರ ಉಳಿಸಿಕೊಂಡು ಅಧಿಕಾರವನ್ನು ಮಂತ್ರಿಗಳಾದ ಬರೀದರಿಗೆ ಒಪ್ಪಿಸಿ ಕುಳಿತರು. ಹುಮನಾಬಾದದ ಮಗ್ಗುಲಲ್ಲಿಯ ಮಾಣಿಕನಗರದಲ್ಲಿಯೂ ಇಂಥದೇ ನಿದರ್ಶನವಿದೆ. ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳನ್ನು ಜನರು ಮಹಾರಾಜರೆಂದು ಕರೆಯುವರು. ಅಲ್ಲಿ ದತ್ತಜಯಂತಿಗೆ ದರಬಾರವೂ ಕೂಡುವದು. ಸಕಲಮತಗಳಿಗೂ ಮನ್ನಣೆಯಿತ್ತ ಆ ಸಂಪ್ರದಾಯದ ದರಬಾರದಲ್ಲಿ ಹಿಂದೂ ಮುಸಲ್ಮಾನ ಗಾಯಕರಿಬ್ಬರೂ ಸೇವೆ ಸಲ್ಲಿಸುತ್ತ ಬಂದಿದ್ದಾರೆ. ಸೈನ್ಯವಿಲ್ಲದ ಈ ಮಹಾರಾಜಪದವಿಯನ್ನು ಕಸಿದುಕೊಳ್ಳಬಲ್ಲ ಕಾಯಿದೆಯಿಲ್ಲ.

ಇನ್ನು ಮೇಲಿನವರಿಂದ ಬೇಡಿ ಪಡೆದ ಬಿರುದುಗಳ ಕಥೆ. ಔರಂಗಜೇಬನು 1657ರಲ್ಲಿ ಬೀದರ, ಕಲ್ಯಾಣಿ ಕೋಟೆಗಳೆರಡನ್ನೂ ಹಿಡಿದನು. ತರುವಾಯ ದಖ್ಖಣದ ಸುಭೇದಾರನಾಗಿ ಬಂದು ರಾಜ್ಯವನ್ನು ಸ್ಥಾಪಿಸಿದ ಮೀರ ಕಮರುದ್ದೀನನಿಗೆ ನಿಜಾಮ್-ಉಲ್-ಮುಲ್ಕ ಎಂಬ ಬಿರುದನ್ನು ಫರ್ರೂಕಸಿಯರ ಬಾದಶಹನೂ, ಅಸಫ್ ಜಾಹ ಎಂಬ ಬಿರುದನ್ನು ಮಹಮ್ಮದ ಶಹ ಬಾದಶಹನೂ ಕೊಟ್ಟರು. ಸ್ವತಂತ್ರನಂತೆ ಆಳಿದರೂ ಆ ವಂಶವು ರಾಜನೆಂಬ ಹೆಸರನ್ನು ತಾಳಲಿಲ್ಲ. 1857ರ ದಂಗೆಯ ಕಾಲದ ವರೆಗೂ ಹೈದರಾಬಾದದ ನಾಣ್ಯಗಳ ಮೇಲೆ ದಿಲ್ಲಿಯ ಬಾದಶಹನ ಹೆಸರೇ ಮುದ್ರಿತವಾಗುತ್ತಿತ್ತು. ದಿಲ್ಲಿಯು ಬಿದ್ದ ಮೇಲೆ ಬಿರುದಿನ ಅಂಗಡಿಯು ಲಂಡನ್ನಿಗೆ ಹೋಯಿತು. ಮೊದಲನೆಯ ಮಹಾಯುದ್ಧದಲ್ಲಿ ಹಣವನ್ನೂ ಸೈನ್ಯವನ್ನೂ ಒದಗಿಸಿದುದಕ್ಕಾಗಿ ಮೀರ ಉಸ್ಮಾನ ಅಲಿಖಾನರಿಗೆ 1918ರಲ್ಲಿ ಹಿಜ್ ಎಗ್ಜಾಲ್ಟೆಡ್ ಹೈನೆಸ್ ಎಂಬ, ಬೇರೆ ಯಾವ ಸಂಸ್ಥಾನಿಕನಿಗೂ ಇಲ್ಲದ ಪದವಿಯೂ, ಬ್ರಿಟಿಶ ಸರಕಾರದ ವಿಶ್ವಾಸದ ಮಿತ್ರರೆಂಬ ಬಿರುದೂ ದೊರೆತವು. ಮಿತ್ರನೆಂದರೆ ಸರಿಸಮಾನನೆಂದು ನಂಬಿ ಅವರು ಬೇರಾರ ಪ್ರಾಂತವನ್ನು ಮರಳಿ ಕೇಳಿದರು. ಅದಕ್ಕೆ ವೈಸರಾಯ ಲಾರ್ಡ ರೀಡಿಂಗರು 1926ರ ಮಾರ್ಚಿನಲ್ಲಿ ಬರೆದ ಉತ್ತರವು ಪ್ರಸಿದ್ಧವಾಗಿದೆ: ಹಿಂದುಸ್ತಾನದಲ್ಲಿ ಬ್ರಿಟಿಶ ಪ್ರಭುತ್ವವೇ ಸರ್ವೋಚ್ಚ, ಯಾವ ಸಂಸ್ಥಾನಿಕನೂ ಅದರೊಡನೆ ಸರಿಸಮನಾಗಿ ವ್ಯವಹರಿಸಲಾರನು ಎಂಬದೇ ಅದರ ಸಾರಾಂಶ.

ಅಷ್ಟರಿಂದಲೇ ಮುಗಿಯಲಿಲ್ಲ. 1853ರಲ್ಲಿ ಸೈನ್ಯದ ಸಾಲಕ್ಕಾಗಿ ಕೈಬಿಟ್ಟ ಬೇರಾರವು 1902ರಲ್ಲಿ ವರುಷಕ್ಕೆ 25 ಲಕ್ಷ ರೂಪಾಯಿಗಳಿಗೆ ಶಾಶ್ವತ ಗುತ್ತಿಗೆಯಾಗಿತ್ತು. 1936ರ ಒಪ್ಪಂದದಲ್ಲಿ ಬ್ರಿಟಿಶರು ಒಂದು ಚಮತ್ಕಾರವನ್ನು ಮಾಡಿದರು. ನಿಜಾಮರು ಹೈದರಾಬಾದ ಮತ್ತು ಬೇರಾರದ ಒಡೆಯರೆನಿಸಿದರು. ಯುವರಾಜನು ಬೇರಾರದ ರಾಜಕುಮಾರನೆನಿಸಿದನು. ಬೇರಾರವು ಮಾತ್ರ ಮಧ್ಯಪ್ರಾಂತದ ಆಡಳಿತದಲ್ಲಿಯೇ ಉಳಿಯಿತು. ಹೆಸರು ನಿಜಾಮರಿಗೆ, ಹೊಲ ಬ್ರಿಟಿಶರಿಗೆ! ಬಿರುದುಗಳ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಪಾಠವನ್ನು ನಾವು ಕಂಡಿಲ್ಲ.

ಈ ಗತಿಯು ಹೈದರಾಬಾದಕ್ಕೊಂದೇ ಬಂದದ್ದಲ್ಲ. ಕಲ್ಯಾಣವನ್ನು ಸುಟ್ಟ ರಾಜಾಧಿರಾಜನ ತಂದೆ ರಾಜೇಂದ್ರ ಚೋಳನು ಸುಮಾರು 1025ರಲ್ಲಿ ಹಡಗುಗಳನ್ನು ಕಳಿಸಿ ಗೆದ್ದು ಬಿರುದಾಗಿ ಮಾಡಿಕೊಂಡ ಕಡಾರವೇ ಮಲಯದ ಕೆಡಾ ರಾಜ್ಯವು. ಅಲ್ಲಿಯ ಸುಲ್ತಾನರು ದೊಡ್ಡ ಬಿರುದುಗಳನ್ನು ಧರಿಸಿಯೂ ಮೂರು ವರುಷಗಳಿಗೊಮ್ಮೆ ಬಂಗಾರದ ಹೂವಿನ ಗಿಡವನ್ನು ಸಯಾಮದ ಅರಸನಿಗೆ ಕಪ್ಪವಾಗಿ ಸಲ್ಲಿಸುತ್ತಿದ್ದರು. 1909ರಲ್ಲಿ ಸಯಾಮವೂ ಬ್ರಿಟನ್ನೂ ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಂಡು ಕೆಡಾವನ್ನು ಕೈಬದಲಾಯಿಸಿದವು. ಸುಲ್ತಾನನು ಆ ಒಪ್ಪಂದದಲ್ಲಿ ಪಕ್ಷದವನಾಗಿರಲಿಲ್ಲ. ಮೇಲಿನಿಂದ ಬಂದ ಮಾನವು ಮೇಲಿನವರ ಅನುಕೂಲವಿದ್ದಷ್ಟೇ ದಿವಸ ನಿಲ್ಲುವದು.

ಮೇಲಿನವರಿಂದ ಬಿರುದು ಪಡೆದವನು ಕೆಳಗಿನವರಿಗೆ ಬಿರುದು ಹಂಚುವನು. ನಿಜಾಮರ ದರಬಾರದಲ್ಲಿ ಜಂಗ, ದೌಲಾ, ಮುಲ್ಕ, ಉಮರಾ, ಜಾಹ ಎಂದು ಒಂದರ ಮೇಲೊಂದು ಮೆಟ್ಟಿಲುಗಳಿದ್ದವು; ಹಿಂದೂ ಸರದಾರರಿಗೆ ರಾಜಾ, ಮಹಾರಾಜಾ ಎಂಬವೂ ಇದ್ದವು. ಸಂಸ್ಥಾನದ ಸುಮಾರು ಮೂರರಲ್ಲೊಂದು ಪಾಲು ಭೂಮಿಯು ಜಹಗೀರುದಾರರ ಕೈಯಲ್ಲಿತ್ತು. ಚಕ್ರವರ್ತಿಗಳ ಕಲ್ಯಾಣವೂ ಹಾಗೆಯೇ ನವಾಬನೊಬ್ಬನ ಜಹಗೀರಿಯಾಗಿತ್ತು. ಈ ಮೆಟ್ಟಿಲುಗಳ ಬುಡದಲ್ಲಿದ್ದ ಕನ್ನಡ ರೈತನಿಗೆ ದೊರೆತುದೇನು? ಕಚೇರಿಯ ಭಾಷೆಯು ಅವನದಲ್ಲ. ಶಾಲೆಯ ಉಚ್ಚ ಶಿಕ್ಷಣವೂ ಅವನ ಭಾಷೆಯದಲ್ಲ. 1948ರಲ್ಲಿ ರಜಾಕಾರರು ಬಸವಕಲ್ಯಾಣದ ಹತ್ತಿರದ ಗೋರಟಾ ಗ್ರಾಮದಲ್ಲಿ ನೆತ್ತರು ಹರಿಸಿದಾಗ, ಎಗ್ಜಾಲ್ಟೆಡ್ ಹೈನೆಸ್ಸರ ಯಾವ ಬಿರುದೂ ಆ ಬಡವರ ಮುಂದೆ ಗುರಾಣಿಯಾಗಿ ನಿಲ್ಲಲಿಲ್ಲ. ಅದೇ ನ್ಯಾಯದಿಂದ ಇನ್ನೊಂದು ಮಾತನ್ನೂ ಹೇಳಲೇಬೇಕು: ಸಪ್ಟೆಂಬರ 13ರಿಂದ 17ರ ವರೆಗಿನ ಸೈನಿಕ ಕಾರ್ಯಾಚರಣೆಯ ಬೆನ್ನಿಗೆ ಈ ಭಾಗದ ನಿರಪರಾಧಿ ಮುಸಲ್ಮಾನರೂ ಪ್ರಾಣವನ್ನೂ ಮನೆಮಾರುಗಳನ್ನೂ ಕಳೆದುಕೊಂಡರೆಂಬದನ್ನು ಪಂಡಿತ ಸುಂದರಲಾಲರ ಸಮಿತಿಯು ಸರಕಾರಕ್ಕೆ ವರದಿ ಮಾಡಿತು. ಬಿಡುಗಡೆಯ ಹೆಸರಿಗೂ ಅಂದು ಕುಂದು ತಗಲಿತು. ದೊಡ್ಡ ಹೆಸರು ಯಾವ ಪಕ್ಷದ್ದಾದರೂ, ಅದರ ಪರೀಕ್ಷೆಯು ದುರ್ಬಲನ ಮನೆಯ ಬಾಗಿಲಲ್ಲಿಯೇ ಆಗತಕ್ಕದ್ದು.

ಮುಂದಿನ ಕಥೆಯು ಬೇಗನೆ ಮುಗಿಯುವದು. 1949ರಲ್ಲಿ ಜಹಗೀರಿಗಳು ರದ್ದಾದವು. ನಿಜಾಮರು 1950ರ ಜನವರಿ 26ರಿಂದ 1956ರ ಅಕ್ಟೋಬರ 31ರ ವರೆಗೆ ರಾಜಪ್ರಮುಖರಾಗಿದ್ದರು. ಅದು ಸಂವಿಧಾನವು ಕೊಟ್ಟ ಪದವಿ. ಸಂವಿಧಾನದ 18ನೆಯ ಅನುಚ್ಛೇದವು ಸರಕಾರವು ಬಿರುದುಗಳನ್ನು ಕೊಡಕೂಡದೆಂದು ವಿಧಿಸಿತು; 1971ರ 26ನೆಯ ತಿದ್ದುಪಡಿಯು ಹಳೆಯ ಅರಸರ ಮನ್ನಣೆಯನ್ನೂ ರಾಜಧನವನ್ನೂ ತೆಗೆದುಹಾಕಿತು. ಮಲೇಶಿಯಾ ದೇಶವು 1957ರಿಂದ ಬೇರೊಂದು ದಾರಿಯನ್ನು ಹಿಡಿದು, ತನ್ನ ಒಂಬತ್ತು ಅರಸರೊಳಗೆ ಒಬ್ಬನನ್ನು ಐದೈದು ವರುಷಗಳಿಗೆ ಸರ್ವೋಚ್ಚ ಅಧಿಪತಿಯಾಗಿ ಆರಿಸುತ್ತಿದೆ. ಕೆಡಾದ ಸುಲ್ತಾನನಿಗೂ ಆ ಪದವಿಯು ಎರಡು ಸಲ ಬಂದಿತು. ಅವರು ಬಿರುದನ್ನು ಕಟ್ಟಳೆಯೊಳಗೆ ಕಟ್ಟಿಹಾಕಿದರು, ನಾವು ಅಳಿಸಿಹಾಕಿದೆವು. ದಾರಿಗಳು ಬೇರೆಯಾದರೂ ತತ್ತ್ವವೊಂದೇ: ಪ್ರಜೆಗಳಿಗೆ ಲೆಕ್ಕ ಕೊಡದ ಬಿರುದಿಗೆ ಇನ್ನು ಜಾಗವಿಲ್ಲ.

ಈ ತತ್ತ್ವವನ್ನು ಹಿಡಿದು ನಾವೀಗ ಕಲ್ಯಾಣ ಕರ್ನಾಟಕವೆಂಬ ಹೆಸರಿನ ಕಡೆಗೆ ತಿರುಗೋಣ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ವರದಿಯನ್ನೊಪ್ಪಿಸಿದಾಗ, ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳನ್ನು ಹೆಸರಿಸಿತು. ಅವುಗಳಲ್ಲಿ 21 ತಾಲೂಕುಗಳು ಕಲಬುರ್ಗಿ ವಿಭಾಗದವು. ಬಸವಕಲ್ಯಾಣ, ಹುಮನಾಬಾದಗಳೆರಡೂ ಆ ಪಟ್ಟಿಯಲ್ಲಿದ್ದವು. ಸಮಸ್ತಭುವನಾಶ್ರಯನ ರಾಜಧಾನಿಗೆ ಪ್ರಜಾಸರಕಾರದ ದಾಖಲೆಯಲ್ಲಿ ಬಂದ ಬಿರುದು ಇದು! ಜನರ ಬಹುದಿವಸದ ಹೋರಾಟದ ಫಲವಾಗಿ 98ನೆಯ ತಿದ್ದುಪಡಿಯಿಂದ 371ಜೆ ಅನುಚ್ಛೇದವು 2013ರಲ್ಲಿ ಬಂದಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಸ್ಥಳೀಯರಿಗೆ ವಿದ್ಯೆಯಲ್ಲಿಯೂ ನೌಕರಿಯಲ್ಲಿಯೂ ಮೀಸಲು, ಹಣದ ನ್ಯಾಯವಾದ ಹಂಚಿಕೆ ಇವು ಅದರ ತಿರುಳು. ಹೆಸರು ಬದಲಾದುದು ಆರು ವರುಷಗಳ ಮೇಲೆ. 2021ರಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವಮಂಟಪಕ್ಕೆ ಅಡಿಗಲ್ಲು ಬಿದ್ದಿತು. 2024ರಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಸರಕಾರವು ಘೋಷಿಸಿತು. ಇವೆಲ್ಲ ಒಳ್ಳೆಯವೇ. ಆದರೆ ಅನುಚ್ಛೇದವು ಹೊಲ, ಹೆಸರು ಬಿರುದು. ಹೊಲದ ಬೆಳೆಯನ್ನು ಅಳೆಯದೆ ಬಿರುದಿನ ಮೆರವಣಿಗೆಯನ್ನು ಮಾತ್ರ ಮಾಡುತ್ತ ಹೋದರೆ, 1936ರ ಬೇರಾರದ ಒಪ್ಪಂದಕ್ಕೂ ಇದಕ್ಕೂ ಅಂತರವೇನುಳಿಯಿತು?

ಹೆಸರನ್ನು ಕೊಟ್ಟುದು ಕಪಟವೆಂದು ನಾವು ಹೇಳುವವರಲ್ಲ. ಕೊಟ್ಟವರು ಒಂದು ಕರಾರುಪತ್ರಕ್ಕೆ ಸಹಿ ಮಾಡಿದ್ದಾರೆಂದೇ ನಮ್ಮ ಹೇಳಿಕೆ. ಕಲ್ಯಾಣವೆಂದರೆ ಮಂಗಲವೆಂಬ ಅರ್ಥವಷ್ಟೇ ಅಲ್ಲ. ಭಂಡಾರದ ಪೈಪೈಗೆ ಲೆಕ್ಕ ಕೊಡುವ ಕಾಯಕದ ನೆನಪೂ ಆ ಶಬ್ದದಲ್ಲಿದೆ. ಆದಕಾರಣ ನಮ್ಮ ಸೂಚನೆಯು ಇಷ್ಟೇ: ಪ್ರತಿವರ್ಷ ಸಪ್ಟೆಂಬರ 17ರಂದು ಕಲಬುರ್ಗಿಯಲ್ಲಿ ಧ್ವಜವೇರಿಸುವಾಗ ಭಾಷಣದ ಜೊತೆಗೆ ತಾಲೂಕುವಾರು ಒಂದು ತಖ್ತೆಯೂ ಪ್ರಕಟವಾಗಲಿ. ಮಂಡಳಿಗೆ ಮಂಜೂರಾದ ಹಣವೆಷ್ಟು, ಬಂದುದೆಷ್ಟು, ಖರ್ಚಾದುದೆಷ್ಟು, ಶಾಲೆಗಳಲ್ಲಿ ಶಿಕ್ಷಕರ ಜಾಗಗಳೆಷ್ಟು, ತುಂಬಿದವೆಷ್ಟು, ದವಾಖಾನೆಗಳಲ್ಲಿ ವೈದ್ಯರೆಷ್ಟು, ಮೀಸಲು ನೌಕರಿಗಳಲ್ಲಿ ಸ್ಥಳೀಯರಿಗೆ ಸಂದವೆಷ್ಟು ಎಂಬ ಅಂಕಿಗಳು ಅದರಲ್ಲಿರಲಿ. ಆ ತಖ್ತೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಗ್ರಾಮಸಭೆಗಳಲ್ಲಿ ಓದಿಸಲಿ. ನಮ್ಮ ವಾಚಕರಲ್ಲಿ ಅಧಿಕಾರಿಗಳು ಅನೇಕರಿದ್ದಾರೆ. ಇದಕ್ಕೆ ಬೇಕಾದ ಅಂಕಿಗಳು ತಮ್ಮ ಕಚೇರಿಯ ದಫ್ತರಗಳಲ್ಲಿಯೇ ಇರುವವೆಂಬದನ್ನು ಅವರು ಬಲ್ಲರು. ಹೊಸ ಕಾಯಿದೆಯೂ ಬೇಡ, ಹೊಸ ಇಲಾಖೆಯೂ ಬೇಡ, ಇಚ್ಛೆಯೊಂದು ಬೇಕು.

ಚಕ್ರವರ್ತಿಗಳು ತಾವೇ ತೆಗೆದುಕೊಂಡ ಬಿರುದುಗಳು ಶಾಸನದ ಕಲ್ಲುಗಳಲ್ಲಿವೆ. ಬಾದಶಹರೂ ವೈಸರಾಯರೂ ಕೊಟ್ಟ ಬಿರುದುಗಳು ಹಳೆಯ ದಫ್ತರಗಳಲ್ಲಿವೆ. ಜನರು ಕೊಟ್ಟ ಬಿರುದುಗಳು ಮಾತ್ರ ಜನರ ನಾಲಗೆಯಲ್ಲಿವೆ. ಕಲ್ಯಾಣ ಕರ್ನಾಟಕವೆಂಬ ಹೆಸರು ಈ ಮೂರರಲ್ಲಿ ಯಾವ ಸಾಲಿಗೆ ಸೇರತಕ್ಕದ್ದೆಂಬದನ್ನು ಬಸವಕಲ್ಯಾಣ, ಹುಮನಾಬಾದಗಳ ಶಾಲೆ, ದವಾಖಾನೆ, ಹೊಲಗಳು ತೀರ್ಮಾನಿಸುವವು. ಅವು ಕೊಡುವ ತೀರ್ಪಿನ ಮೇಲೆ ಅಪೀಲು ಇಲ್ಲ.